ಮುಟ್ಟು ನಿಂತ ಮೇಲೆ ಮೂಳೆಗೆ ಏನಾಗುತ್ತದೆ, ರಕ್ತದ ಗ್ರೋತ್ ಫ್ಯಾಕ್ಟರ್‌ಗಳು ಅದರ ಬಗ್ಗೆ ಎಷ್ಟು ಹೇಳುತ್ತವೆ

ರಕ್ತ ಪರೀಕ್ಷೆಯಲ್ಲಿ ಐಜಿಎಫ್-1 ಅನ್ನುವ ಗ್ರೋತ್ ಫ್ಯಾಕ್ಟರ್, ಅಂದರೆ ಕೋಶಗಳಿಗೆ ಸಂದೇಶ ಕೊಡುವ ಒಂದು ಪ್ರೋಟೀನ್, ಕಡಿಮೆ ಬಂದರೆ ಮೂಳೆ ಟೊಳ್ಳಾಗಿದೆ ಅಂತ ಅರ್ಥವಾ? ಅಲ್ಲ. ನಾರ್ಮಲ್ ಬಂದರೆ ಮೂಳೆ ಗಟ್ಟಿಯಾಗಿದೆ ಅಂತಲಾ? ಅದೂ ಅಲ್ಲ. ಹಾಗಿದ್ದರೆ ಮುಟ್ಟು ನಿಂತ ಹೆಂಗಸರ ರಕ್ತದಲ್ಲಿ ಈ ಗ್ರೋತ್ ಫ್ಯಾಕ್ಟರ್‌ಗಳನ್ನು ಸಂಶೋಧಕರು ಇಷ್ಟು ವರ್ಷಗಳಿಂದ ಯಾಕೆ ಅಳೆಯುತ್ತಿದ್ದಾರೆ ಅನ್ನುವುದು ನ್ಯಾಯವಾದ ಪ್ರಶ್ನೆ. ಮೂಳೆಯೊಳಗೆ ಏನು ನಡೆಯುತ್ತದೆ ಅಂತ ಅರ್ಥ ಮಾಡಿಕೊಳ್ಳಲು ಇವು ತುಂಬಾ ಸಹಾಯ ಮಾಡಿವೆ. ಆದರೆ ಒಬ್ಬ ಹೆಂಗಸಿನ ಮೂಳೆ ಮುರಿಯುತ್ತದಾ ಇಲ್ಲವಾ ಅಂತ ಹೇಳುವ ಪರೀಕ್ಷೆಯಾಗಿ ಇವು ನಿಲ್ಲಲಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಿಲ್ಲದೆ ಎಷ್ಟೋ ಜನ ಸುಮ್ನೆ ಹೆದರುತ್ತಾರೆ, ಇಲ್ಲವೇ ಸುಮ್ನೆ ದುಡ್ಡು ಕಳೆದುಕೊಳ್ಳುತ್ತಾರೆ.

ಮೊದಲು ಕಾಯಿಲೆ ಯಾವುದು ಅಂತ ನೋಡೋಣ. ಮಂಡಿ ನೋವು ತರುವ ಕೀಲು ಸವೆತ ಬೇರೆ. ಇಲ್ಲಿ ಹೇಳುತ್ತಿರುವುದು ಆಸ್ಟಿಯೊಪೊರೋಸಿಸ್ ಬಗ್ಗೆ. ಮೂಳೆಯೊಳಗೆ ಸಣ್ಣ ಸಣ್ಣ ಎಲುಬಿನ ಎಳೆಗಳ ಹೆಣಿಗೆ ಇರುತ್ತದೆ. ಅದು ತೆಳುವಾಗಿ, ಅಲ್ಲಲ್ಲಿ ಕಿತ್ತುಹೋಗಿ, ಮೂಳೆ ಟೊಳ್ಳಾಗುವ ಕಾಯಿಲೆ ಇದು. ಇದಕ್ಕೆ ನೋವಿಲ್ಲ, ಮುರಿಯುವ ತನಕ ಗೊತ್ತೇ ಆಗುವುದಿಲ್ಲ. ಮುರಿಯುವುದು ಹೆಚ್ಚಾಗಿ ಮಣಿಕಟ್ಟು, ಬೆನ್ನುಮೂಳೆ ಮತ್ತು ಸೊಂಟದ ಹತ್ತಿರ ತೊಡೆಯ ಮೂಳೆಯ ಮೇಲ್ತುದಿ. ಅಂತರರಾಷ್ಟ್ರೀಯ ಆಸ್ಟಿಯೊಪೊರೋಸಿಸ್ ಫೌಂಡೇಶನ್ ಕೊಡುವ ಅಂದಾಜಿನ ಪ್ರಕಾರ 50 ದಾಟಿದ ಹೆಂಗಸರಲ್ಲಿ 3ರಲ್ಲಿ ಒಬ್ಬರಿಗೆ ಮುಂದಿನ ಜೀವನದಲ್ಲಿ ಇಂಥ ಒಂದು ಮುರಿತ ಆಗುತ್ತದೆ. ಮುಟ್ಟು ನಿಲ್ಲುವುದಕ್ಕೂ ಇದಕ್ಕೂ ಸಂಬಂಧವಿದೆ ಅಂತ 1940ರ ದಶಕದ ಆರಂಭದಲ್ಲೇ ಅಮೆರಿಕದ ವೈದ್ಯ ಫುಲ್ಲರ್ ಆಲ್‌ಬ್ರೈಟ್ ಗುರುತಿಸಿದ್ದರು.

ಈಗ ಮೂಳೆಯೊಳಗೆ ಹೋಗೋಣ. ಮೂಳೆ ಒಮ್ಮೆ ಕಟ್ಟಿ ಮುಗಿದು ಹಾಗೇ ಉಳಿಯುವ ವಸ್ತು ಅಲ್ಲ. ದೊಡ್ಡವರಲ್ಲೂ ವರ್ಷಕ್ಕೆ ಸುಮಾರು 10% ಅಸ್ಥಿಪಂಜರ ಹೊಸದಾಗುತ್ತಲೇ ಇರುತ್ತದೆ. ಹಳೆ ಗೋಡೆ ರಿಪೇರಿ ಮಾಡುವವರು ಮೊದಲು ಸಡಿಲಾದ ಗಾರೆ ಕೆರೆದು ತೆಗೆದು ಆಮೇಲೆ ಹೊಸದು ಮೆತ್ತುತ್ತಾರಲ್ಲ, ಇಲ್ಲೂ ಕೆಲಸದ ಕ್ರಮ ಅದೇ. ಕೆರೆಯುವ ಜೀವಕೋಶದ ಹೆಸರು ಆಸ್ಟಿಯೊಕ್ಲಾಸ್ಟ್. ಹಲವು ನ್ಯೂಕ್ಲಿಯಸ್ ಇರುವ ದೊಡ್ಡ ಕೋಶ ಅದು. ಮೂಳೆಯ ಮೇಲೆ ಬಂದು ಕೂತು, ತನ್ನ ಅಂಚನ್ನು ಸುತ್ತಲೂ ಬಿಗಿಯಾಗಿ ಅಂಟಿಸಿಕೊಂಡು, ಒಳಗೆ ಆ್ಯಸಿಡ್ ಸುರಿಯುತ್ತದೆ. ಆ್ಯಸಿಡ್‌ಗೆ ಕ್ಯಾಲ್ಸಿಯಂ ಕರಗುತ್ತದೆ, ಆಮೇಲೆ ಅದು ಬಿಡುವ ಕಿಣ್ವಗಳು ಕೊಲಾಜನ್ ಅನ್ನು ತುಂಡು ತುಂಡು ಮಾಡುತ್ತವೆ. ಎರಡು ಮೂರು ವಾರದಲ್ಲಿ ಅಲ್ಲೊಂದು ಸಣ್ಣ ಗುಂಡಿ ಆಗುತ್ತದೆ. ಆಮೇಲೆ ಆಸ್ಟಿಯೊಬ್ಲಾಸ್ಟ್ ಅನ್ನುವ ಕಟ್ಟುವ ಕೋಶಗಳು ಬಂದು ಗುಂಡಿ ತುಂಬುತ್ತವೆ, ಆದರೆ ಅದಕ್ಕೆ ಮೂರು ನಾಲ್ಕು ತಿಂಗಳು ಬೇಕು. ಕೆರೆಯುವುದು ಬೇಗ, ಕಟ್ಟುವುದು ನಿಧಾನ. ಈ ಒಂದು ಮಾತು ನೆನಪಿಟ್ಟುಕೊಂಡರೆ ಮುಂದಿನದೆಲ್ಲಾ ಸುಲಭ.

ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಇರುವಾಗ ಕೆರೆಯುವ ಕೆಲಸ ಹತೋಟಿಯಲ್ಲಿರುತ್ತದೆ. ಆಸ್ಟಿಯೊಕ್ಲಾಸ್ಟ್ ಹುಟ್ಟಬೇಕಾದರೆ ರಾಂಕ್-ಲೈಗಾಂಡ್ ಅನ್ನುವ ಪ್ರೋಟೀನ್ ಬೇಕು. ಆಸ್ಟಿಯೊಪ್ರೊಟೆಜೆರಿನ್ ಅನ್ನುವ ಇನ್ನೊಂದು ಪ್ರೋಟೀನ್ ಮಧ್ಯದಲ್ಲೇ ಅದನ್ನು ಹಿಡಿದುಕೊಂಡು ಕೆಲಸ ಮಾಡದಂತೆ ತಡೆಯುತ್ತದೆ. ಈಸ್ಟ್ರೋಜನ್ ಮೊದಲನೆಯದನ್ನು ತಗ್ಗಿಸಿ ಎರಡನೆಯದನ್ನು ಹೆಚ್ಚಿಸುತ್ತದೆ. ಮುಟ್ಟು ನಿಂತು ಈಸ್ಟ್ರೋಜನ್ ಇಳಿದಾಗ ಇದು ತಿರುವು ಮುರುವಾಗುತ್ತದೆ. ಒಂದೇ ಸಲಕ್ಕೆ ಮೂಳೆಯ ತುಂಬಾ ಗುಂಡಿಗಳು ಜಾಸ್ತಿಯಾಗುತ್ತವೆ. ಕಟ್ಟುವ ಕೋಶಗಳೂ ಆಗ ಮೊದಲಿಗಿಂತ ಜಾಸ್ತಿ ಕೆಲಸ ಮಾಡುತ್ತವೆ ಅನ್ನುವುದನ್ನು ಗಮನಿಸಬೇಕು, ಸೋಮಾರಿಯಾಗಿ ಕೂತಿರುವುದಿಲ್ಲ, ಆದರೆ ಕೆರೆತದ ವೇಗಕ್ಕೆ ಸಾಟಿಯಾಗಲು ಅವಕ್ಕೆ ಆಗುವುದಿಲ್ಲ, ಪ್ರತಿ ಗುಂಡಿಯೂ ಸ್ವಲ್ಪ ಸ್ವಲ್ಪ ತುಂಬದೇ ಉಳಿದುಬಿಡುತ್ತದೆ. ಮುಟ್ಟು ನಿಂತ ಮೊದಲ 5ರಿಂದ 7 ವರ್ಷಗಳಲ್ಲಿ ಕೆಲವರು ಮೂಳೆಯ ಸಾಂದ್ರತೆಯಲ್ಲಿ 20% ವರೆಗೂ ಕಳೆದುಕೊಳ್ಳಬಹುದು. ಎಲ್ಲರಿಗೂ ಅಷ್ಟು ಆಗುವುದಿಲ್ಲ.

ಗ್ರೋತ್ ಫ್ಯಾಕ್ಟರ್‌ಗಳು ಬರುವುದು ಇಲ್ಲೇ. ಗುಂಡಿ ಎಲ್ಲಿ ಆಗಿದೆ, ಎಷ್ಟು ತುಂಬಬೇಕು, ಯಾವಾಗ ನಿಲ್ಲಿಸಬೇಕು ಅಂತ ಕೋಶಗಳಿಗೆ ಹೇಳುವ ಪ್ರೋಟೀನ್‌ಗಳು ಇವು. ಟಿಜಿಎಫ್-ಬೀಟಾ ಅನ್ನುವುದನ್ನೇ ತೆಗೆದುಕೊಳ್ಳಿ. ಆಸ್ಟಿಯೊಬ್ಲಾಸ್ಟ್‌ಗಳು ಮೂಳೆ ಕಟ್ಟುವಾಗಲೇ ಇದನ್ನು ನಿಷ್ಕ್ರಿಯ ರೂಪದಲ್ಲಿ ಒಳಗೆ ಹೂತಿಟ್ಟಿರುತ್ತವೆ. ಇಡೀ ದೇಹದಲ್ಲಿ ಟಿಜಿಎಫ್-ಬೀಟಾದ ದೊಡ್ಡ ದಾಸ್ತಾನುಗಳಲ್ಲಿ ಮೂಳೆಯೂ ಒಂದು. ವರ್ಷಗಟ್ಟಲೆ ಹಾಗೇ ಇರುತ್ತದೆ. ಮುಂದೆ ಯಾವತ್ತೋ ಆಸ್ಟಿಯೊಕ್ಲಾಸ್ಟ್ ಬಂದು ಆ ಜಾಗ ಕೆರೆದಾಗ, ಅದೇ ಆ್ಯಸಿಡ್ ಮತ್ತು ಕಿಣ್ವಗಳಿಂದ ಇದು ಬಿಡುಗಡೆಯಾಗಿ ಚುರುಕಾಗುತ್ತದೆ, ಮೂಳೆಮಜ್ಜೆಯಲ್ಲಿರುವ ಕಾಂಡಕೋಶಗಳನ್ನು ಗುಂಡಿಯ ಕಡೆಗೆ ಕರೆಯುತ್ತದೆ, ಆ ಕೋಶಗಳೇ ಮುಂದೆ ಆಸ್ಟಿಯೊಬ್ಲಾಸ್ಟ್ ಆಗುತ್ತವೆ. ಅಂದರೆ ಕೆರೆಯುವ ಕೆಲಸವೇ ಕಟ್ಟುವವರಿಗೆ ಕರೆ ಕಳಿಸುತ್ತದೆ. ಎಷ್ಟು ಅಚ್ಚುಕಟ್ಟಾದ ಏರ್ಪಾಡು ಅಲ್ವಾ! ಕೆರೆಯುವುದೂ ಕಟ್ಟುವುದೂ ಒಂದಕ್ಕೊಂದು ಹೊಂದಿಕೊಂಡು ನಡೆಯುವುದರ ಹಿಂದೆ ಇರುವ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಮೂಳೆಯೊಳಗೆ ಇಂಥ ಪ್ರೋಟೀನ್‌ಗಳು ಅಡಗಿವೆ ಅನ್ನುವ ಸುಳಿವು ದೊಡ್ಡದಾಗಿ ಸಿಕ್ಕಿದ್ದು 1965ರಲ್ಲಿ. ಮಾರ್ಷಲ್ ಯೂರಿಸ್ಟ್ ಎಂಬ ಅಮೆರಿಕದ ಮೂಳೆ ಶಸ್ತ್ರವೈದ್ಯರು ಮೂಳೆಯಿಂದ ಖನಿಜವನ್ನೆಲ್ಲಾ ತೆಗೆದು, ಉಳಿದದ್ದನ್ನು ಪ್ರಾಣಿಗಳ ಮಾಂಸಖಂಡದೊಳಗೆ ಇಟ್ಟರು. ಮೂಳೆಯೇ ಇರಬಾರದ ಆ ಜಾಗದಲ್ಲಿ ಹೊಸ ಮೂಳೆ ಬೆಳೆಯಿತು. ಅದನ್ನು ಬೆಳೆಸಿದ ಪ್ರೋಟೀನ್‌ಗಳಿಗೇ ಆಮೇಲೆ ಬಿಎಂಪಿ ಅಂತ ಹೆಸರು ಬಂತು. ಅವುಗಳಲ್ಲಿ ಬಿಎಂಪಿ-2 ಅನ್ನು ಬೆನ್ನುಮೂಳೆ ಬೆಸೆಯುವ ಶಸ್ತ್ರಚಿಕಿತ್ಸೆಯಲ್ಲಿ ಬಳಸಲು ಅಮೆರಿಕದಲ್ಲಿ 2002ರಲ್ಲಿ ಒಪ್ಪಿಗೆ ಸಿಕ್ಕಿತು. ಅದನ್ನು ಬಳಸುವುದು ಶಸ್ತ್ರಚಿಕಿತ್ಸೆ ಮಾಡುವ ಜಾಗದಲ್ಲಿ ಮಾತ್ರ. ಇಡೀ ಮೈಯ ಮೂಳೆ ಗಟ್ಟಿ ಮಾಡುವ ಔಷಧ ಅದಲ್ಲ.

ರಕ್ತದಲ್ಲಿ ಅಳೆಯುವ ವಿಷಯಕ್ಕೆ ಬಂದರೆ ಎಲ್ಲಕ್ಕಿಂತ ಜಾಸ್ತಿ ಅಧ್ಯಯನ ಆಗಿರುವುದು ಐಜಿಎಫ್-1. ಪೂರ್ತಿ ಹೆಸರು ಇನ್ಸುಲಿನ್ ತರಹದ ಗ್ರೋತ್ ಫ್ಯಾಕ್ಟರ್-1. ಇದರ ಕಥೆ ಶುರುವಾಗಿದ್ದು 1957ರಲ್ಲಿ, ಸಾಲ್ಮನ್ ಮತ್ತು ಡಾಗಡೆ ಎಂಬ ಇಬ್ಬರು ಸಂಶೋಧಕರಿಂದ. ಗ್ರೋತ್ ಹಾರ್ಮೋನ್ ಅನ್ನು ಇಲಿಯ ಮೃದ್ವಸ್ಥಿಗೆ ನೇರವಾಗಿ ಹಾಕಿದರೆ ಹೆಚ್ಚೇನೂ ಆಗುತ್ತಿರಲಿಲ್ಲ. ಆದರೆ ಗ್ರೋತ್ ಹಾರ್ಮೋನ್ ಕೊಟ್ಟ ಇಲಿಯ ಸೀರಂ ಹಾಕಿದರೆ ಮೃದ್ವಸ್ಥಿ ಚುರುಕಾಗುತ್ತಿತ್ತು. ಅಂದರೆ ಹಾರ್ಮೋನ್ ರಕ್ತದಲ್ಲಿ ಇನ್ನೇನನ್ನೋ ಹುಟ್ಟಿಸುತ್ತಿದೆ, ಕೆಲಸ ಮಾಡುವುದು ಅದು ಅಂತ ಗೊತ್ತಾಯಿತು. ಇವತ್ತು ಐಜಿಎಫ್-1 ಅಂತ ಕರೆಯುವುದು ಅದನ್ನೇ. ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಗ್ರೋತ್ ಹಾರ್ಮೋನ್ ಬಿಡುತ್ತದೆ, ಅದರ ಪ್ರಭಾವದಿಂದ ಲಿವರ್ ಐಜಿಎಫ್-1 ತಯಾರಿಸಿ ರಕ್ತಕ್ಕೆ ಸೇರಿಸುತ್ತದೆ. ರಕ್ತದಲ್ಲಿರುವ ಐಜಿಎಫ್-1ರಲ್ಲಿ ಮುಕ್ಕಾಲು ಪಾಲು ಲಿವರ್‌ನದ್ದೇ. ಹದಿಹರೆಯದಲ್ಲಿ ಇದು ತುದಿಯಲ್ಲಿರುತ್ತದೆ, ವಯಸ್ಸಾದಂತೆ ಇಳಿಯುತ್ತಾ ಹೋಗುತ್ತದೆ. ಆಸ್ಟಿಯೊಬ್ಲಾಸ್ಟ್‌ಗಳು ಬದುಕಿ ಉಳಿಯಲು, ಕೊಲಾಜನ್ ಹೆಣೆಯಲು ಇದು ಬೇಕು.

ವಯಸ್ಸಾದಂತೆ ಐಜಿಎಫ್-1 ಇಳಿಯುತ್ತದೆ, ವಯಸ್ಸಾದಂತೆ ಮೂಳೆಯೂ ತೆಳುವಾಗುತ್ತದೆ. ಹಾಗಾದರೆ ಒಂದರಿಂದಲೇ ಇನ್ನೊಂದಾ? ಹಲವು ಅಧ್ಯಯನಗಳು ಆ ದಿಕ್ಕಿನಲ್ಲೇ ತೋರಿಸಿದವು. ಮುಟ್ಟು ನಿಂತ ಹೆಂಗಸರಲ್ಲಿ ಐಜಿಎಫ್-1 ಕಡಿಮೆ ಇದ್ದವರಿಗೆ ಮೂಳೆ ಸಾಂದ್ರತೆ ಕಡಿಮೆ, ಮುರಿತ ಜಾಸ್ತಿ ಅಂತ ಕಂಡುಬಂತು. ಬೇರೆ ಕೆಲವು ಅಧ್ಯಯನಗಳಲ್ಲಿ ಈ ಸಂಬಂಧ ಬಲಹೀನವಾಗಿತ್ತು, ಅಥವಾ ವಯಸ್ಸು, ತೂಕ ಇವನ್ನೆಲ್ಲಾ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಉಳಿಯಲಿಲ್ಲ. ಒಟ್ಟಿನಲ್ಲಿ ಸಂಬಂಧ ಇದೆ. ಆದರೆ ಗುಂಪಿನ ಸರಾಸರಿಯಲ್ಲಿ ಕಾಣುವ ಸಂಬಂಧ ಅದು, ಒಬ್ಬರ ರಿಪೋರ್ಟ್ ಹಿಡಿದು ಭವಿಷ್ಯ ಹೇಳುವಷ್ಟು ಗಟ್ಟಿಯಾಗಿಲ್ಲ.

ಯಾಕಿಲ್ಲ ಅನ್ನುವುದಕ್ಕೆ 1999ರ ಒಂದು ಪ್ರಯೋಗ ಚೆನ್ನಾಗಿ ಉತ್ತರ ಕೊಡುತ್ತದೆ. ಇಲಿಗಳ ಲಿವರ್‌ನಲ್ಲಿ ಮಾತ್ರ ಐಜಿಎಫ್-1 ಜೀನ್ ತೆಗೆದುಹಾಕಿದರು. ರಕ್ತದಲ್ಲಿ ಅದರ ಪ್ರಮಾಣ ಸುಮಾರು 75% ಬಿದ್ದುಹೋಯಿತು. ಇಲಿಗಳು ಕುಳ್ಳಾಗಬೇಕಿತ್ತು, ಆದರೆ ಹೆಚ್ಚೂ ಕಡಿಮೆ ಸರಿಯಾಗಿಯೇ ಬೆಳೆದವು. ಕಾರಣ ಇಷ್ಟೇ: ಮೂಳೆಯೂ ಸೇರಿದಂತೆ ಬೇರೆ ಬೇರೆ ಅಂಗಗಳು ತಮಗೆ ಬೇಕಾದ ಐಜಿಎಫ್-1 ಅನ್ನು ತಾವೇ ತಯಾರಿಸಿಕೊಳ್ಳುತ್ತವೆ, ಅದು ಅಲ್ಲೇ ಪಕ್ಕದ ಕೋಶಗಳ ಮೇಲೆ ಕೆಲಸ ಮಾಡುತ್ತದೆ, ರಕ್ತ ಪರೀಕ್ಷೆಗೆ ಸಿಗುವುದಿಲ್ಲ. ಹಾಗಂತ ರಕ್ತದ್ದು ಲೆಕ್ಕಕ್ಕೇ ಇಲ್ಲ ಅನ್ನುವ ಹಾಗಿಲ್ಲ. 2002ರಲ್ಲಿ ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಹೋಗಿ, ಐಜಿಎಫ್-1 ಅನ್ನು ರಕ್ತದಲ್ಲಿ ಹಿಡಿದಿಡುವ ಒಂದು ಪ್ರೋಟೀನ್ ಅನ್ನೂ ಇಲ್ಲವಾಗಿಸಿ, ಪ್ರಮಾಣವನ್ನು ಇನ್ನೂ ಕೆಳಗೆ ಇಳಿಸಿದಾಗ ಇಲಿಗಳ ಬೆಳವಣಿಗೆಯೂ ಕುಗ್ಗಿತು, ಮೂಳೆಯ ಸಾಂದ್ರತೆಯೂ ಕಡಿಮೆಯಾಯಿತು.

ರಕ್ತದಲ್ಲಿ ಐಜಿಎಫ್-1 ಒಂಟಿಯಾಗಿ ಓಡಾಡುವುದು ತೀರಾ ಕಡಿಮೆ. ಬಹುಪಾಲು ಐಜಿಎಫ್‌ಬಿಪಿ-3 ಅನ್ನುವ ಪ್ರೋಟೀನ್‌ಗೆ ಅಂಟಿಕೊಂಡಿರುತ್ತದೆ, ಕೋಶದೊಳಗೆ ಸಂದೇಶ ಕಳಿಸಲು ಅದರಿಂದ ಬಿಡಿಸಿಕೊಳ್ಳಬೇಕು. ಹೀಗಾಗಿ ಲ್ಯಾಬ್‌ನಲ್ಲಿ ಬರುವ ಒಟ್ಟು ಸಂಖ್ಯೆ ಒಂದು, ಮೂಳೆಗೆ ನಿಜವಾಗಿ ದಕ್ಕುವುದು ಇನ್ನೊಂದು.

ಈ ಇಡೀ ವಿಷಯದಲ್ಲಿ ನನಗೆ ಎಲ್ಲಕ್ಕಿಂತ ಕುತೂಹಲದ್ದು ಅನ್ನಿಸುವುದು ಈಸ್ಟ್ರೋಜನ್ ಮಾತ್ರೆಯ ವಿಚಾರ. ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಅನ್ನು ಮಾತ್ರೆಯಾಗಿ ನುಂಗಿದರೆ ಅದು ಕರುಳಿನಿಂದ ಮೊದಲು ಲಿವರ್‌ಗೆ ಹೋಗುತ್ತದೆ, ಅಲ್ಲಿ ಐಜಿಎಫ್-1 ತಯಾರಿಕೆಯನ್ನು ತಗ್ಗಿಸುತ್ತದೆ. ರಕ್ತ ಪರೀಕ್ಷೆ ಮಾಡಿದರೆ ಐಜಿಎಫ್-1 ಇಳಿದಿರುತ್ತದೆ. ಸಂಖ್ಯೆ ಮಾತ್ರ ನೋಡುವವರು ಮೂಳೆ ಹಾಳಾಗುತ್ತಿದೆ ಅಂದುಕೊಳ್ಳಬೇಕು. ಆದರೆ ನಡೆಯುವುದು ಅದಕ್ಕೆ ತದ್ವಿರುದ್ಧ. ಅದೇ ಮಾತ್ರೆ ಕೆರೆತವನ್ನು ಹತೋಟಿಗೆ ತಂದು ಮೂಳೆ ಉಳಿಸುತ್ತದೆ, ಮುರಿತವನ್ನೂ ಕಡಿಮೆ ಮಾಡುತ್ತದೆ. ಚರ್ಮಕ್ಕೆ ಅಂಟಿಸುವ ಪ್ಯಾಚ್ ಮೂಲಕ ಅದೇ ಹಾರ್ಮೋನ್ ಕೊಟ್ಟರೆ ಲಿವರ್‌ಗೆ ಮೊದಲು ಹೋಗುವುದಿಲ್ಲ, ಐಜಿಎಫ್-1 ಕೂಡ ಹಾಗೆ ಇಳಿಯುವುದಿಲ್ಲ, ಮೂಳೆಗೆ ಮಾತ್ರ ಅದರಿಂದಲೂ ಲಾಭವೇ. ಈ ಒಂದು ಉದಾಹರಣೆ ಸಾಕು, ಬರೀ ರಕ್ತದ ಐಜಿಎಫ್-1 ನೋಡಿ ಮೂಳೆಯ ಬಗ್ಗೆ ತೀರ್ಮಾನಕ್ಕೆ ಬರಬಾರದು ಅನ್ನಲು.

ಇನ್ನೊಂದು ತುದಿಯನ್ನೂ ನೋಡಿ. ಪಿಟ್ಯುಟರಿಯಲ್ಲಿ ಗೆಡ್ಡೆಯಾಗಿ ಗ್ರೋತ್ ಹಾರ್ಮೋನ್ ವಿಪರೀತ ಹೆಚ್ಚುವ ಅಕ್ರೊಮೆಗಲಿ ಎಂಬ ಕಾಯಿಲೆಯಲ್ಲಿ ಐಜಿಎಫ್-1 ತುಂಬಾ ಏರಿರುತ್ತದೆ. ಜಾಸ್ತಿ ಇದ್ದಷ್ಟೂ ಒಳ್ಳೆಯದು ಅನ್ನುವುದಾದರೆ ಇವರ ಮೂಳೆ ಎಲ್ಲರಿಗಿಂತ ಗಟ್ಟಿಯಾಗಿರಬೇಕಿತ್ತು. ಆದರೆ ಇವರಲ್ಲಿ ಬೆನ್ನುಮೂಳೆಯ ಮುರಿತ ಸಾಮಾನ್ಯ ಜನರಿಗಿಂತ ಜಾಸ್ತಿ. ಕಟ್ಟುವುದೂ ಕೆರೆಯುವುದೂ ಎರಡೂ ಓಡುತ್ತಿರುತ್ತವೆ, ಒಳಗಿನ ಹೆಣಿಗೆ ಕೆಡುತ್ತದೆ. ಮೂಳೆ ಗಟ್ಟಿಯಾಗಲಿ ಅಂತ ಗ್ರೋತ್ ಹಾರ್ಮೋನ್ ಇಂಜೆಕ್ಷನ್ ತೆಗೆದುಕೊಳ್ಳಿ ಅನ್ನುವವರ ಮಾತು ಕೇಳಬೇಡಿ ಅಂತ ಹೇಳುವುದು ಇದಕ್ಕೇ. ಆಸ್ಟಿಯೊಪೊರೋಸಿಸ್‌ಗೆ ಅದು ಒಪ್ಪಿಗೆ ಪಡೆದ ಚಿಕಿತ್ಸೆಯಲ್ಲ. ಅಲ್ಲದೆ ಐಜಿಎಫ್-1 ಹೆಚ್ಚಿರುವುದಕ್ಕೂ ಸ್ತನ ಮತ್ತು ದೊಡ್ಡ ಕರುಳಿನ ಕ್ಯಾನ್ಸರ್‌ಗೂ ಸ್ವಲ್ಪ ಮಟ್ಟಿನ ಸಂಬಂಧ ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ.

ಈಗ ರಕ್ತದ ಟ್ಯೂಬ್ ಒಂದನ್ನು ಹತ್ತಿರದಿಂದ ನೋಡೋಣ, ಯಾಕೆಂದರೆ ಎಷ್ಟೋ ಗೊಂದಲ ಹುಟ್ಟುವುದು ಅಲ್ಲೇ. ರಕ್ತ ತೆಗೆದು ಹಾಗೇ ಬಿಟ್ಟರೆ ಅರ್ಧ ಗಂಟೆಯಲ್ಲಿ ಹೆಪ್ಪುಗಟ್ಟುತ್ತದೆ, ಮೇಲೆ ಉಳಿಯುವ ಹಳದಿ ದ್ರವ ಸೀರಂ. ಹೆಪ್ಪುಗಟ್ಟದಂತೆ ಔಷಧ ಹಾಕಿದ ಟ್ಯೂಬ್‌ಗೆ ತೆಗೆದು ಗಿರ್ರನೆ ತಿರುಗಿಸಿದರೆ ಮೇಲೆ ಬರುವುದು ಪ್ಲಾಸ್ಮಾ. ಎರಡೂ ಒಂದೇ ಥರ ಕಾಣುತ್ತವೆ. ಆದರೆ ಹೆಪ್ಪುಗಟ್ಟುವಾಗ ಪ್ಲೇಟ್‌ಲೆಟ್‌ಗಳು ತಮ್ಮೊಳಗಿನದನ್ನೆಲ್ಲಾ ಹೊರಗೆ ಬಿಡುತ್ತವೆ. ಟಿಜಿಎಫ್-ಬೀಟಾ, ಜೊತೆಗೆ ಪಿಡಿಜಿಎಫ್, ವಿಇಜಿಎಫ್ ಎಂಬ ಇನ್ನೆರಡು ಗ್ರೋತ್ ಫ್ಯಾಕ್ಟರ್‌ಗಳು, ಈ ಮೂರೂ ಪ್ಲೇಟ್‌ಲೆಟ್‌ಗಳಲ್ಲಿ ತುಂಬಿರುತ್ತವೆ. ಹಾಗಾಗಿ ಸೀರಂನಲ್ಲಿ ಇವುಗಳ ಸಂಖ್ಯೆ ಮೇಲೇರುತ್ತದೆ. ಆ ಏರಿಕೆ ಆಗಿದ್ದು ಟ್ಯೂಬ್‌ನೊಳಗೆ, ಮೈಯೊಳಗಲ್ಲ. ಒಂದು ಅಧ್ಯಯನ ಸೀರಂನಲ್ಲಿ ಅಳೆದು, ಇನ್ನೊಂದು ಪ್ಲಾಸ್ಮಾದಲ್ಲಿ ಅಳೆದು, ಒಂದು ಜಾಸ್ತಿ ಇದೆ ಅಂದು ಇನ್ನೊಂದು ಕಡಿಮೆ ಇದೆ ಅಂದರೆ ಅದರಲ್ಲಿ ಆಶ್ಚರ್ಯವಿಲ್ಲ. ಯಾವ ಟ್ಯೂಬ್‌ನಲ್ಲಿ ಅಳೆದರು ಅಂತ ಮೊದಲು ನೋಡಬೇಕು.

ಪಿಡಿಜಿಎಫ್ ಮತ್ತು ವಿಇಜಿಎಫ್‌ಗೆ ಮೂಳೆಯಲ್ಲಿ ಏನು ಕೆಲಸ ಅಂದರೆ, ರಕ್ತನಾಳ. ಮೂಳೆ ಕಟ್ಟಲು ಆಮ್ಲಜನಕ ಬೇಕು, ಕೋಶಗಳು ಬರಬೇಕು, ಅದಕ್ಕೆ ಸಣ್ಣ ನಾಳಗಳು ಬೇಕು. 2014ರಲ್ಲಿ ಇಲಿಗಳ ಮೂಳೆಯಲ್ಲಿ ಟೈಪ್-ಎಚ್ ಅನ್ನುವ ವಿಶೇಷ ರಕ್ತನಾಳಗಳನ್ನು ಗುರುತಿಸಿದರು. ಮೂಳೆ ಕಟ್ಟುವ ಕೋಶಗಳು ಇವುಗಳ ಸುತ್ತಲೇ ಗುಂಪುಗೂಡಿರುತ್ತವೆ, ವಯಸ್ಸಾದಂತೆ ಈ ನಾಳಗಳು ಕಡಿಮೆಯಾಗುತ್ತವೆ. ಎಫ್‌ಜಿಎಫ್-23 ಎಂಬ ಇನ್ನೊಂದು ಗ್ರೋತ್ ಫ್ಯಾಕ್ಟರ್ ಮಾತ್ರ ಇವುಗಳಿಗಿಂತ ಬೇರೆ ಜಾತಿ. ಅದನ್ನು ಮೂಳೆಯೇ ತಯಾರಿಸಿ ರಕ್ತಕ್ಕೆ ಬಿಡುತ್ತದೆ, ಕೆಲಸ ಮಾಡುವುದು ಕಿಡ್ನಿಯಲ್ಲಿ. ಫಾಸ್ಫೇಟ್ ಅನ್ನು ಮೂತ್ರದಲ್ಲಿ ಹೊರಹಾಕಿಸುತ್ತದೆ, ವಿಟಮಿನ್ ಡಿ ಸಕ್ರಿಯವಾಗುವುದನ್ನು ತಗ್ಗಿಸುತ್ತದೆ. ಅದು ಅತಿಯಾದರೆ ಮೂಳೆ ಮೆತ್ತಗಾಗುತ್ತದೆ. ಅದು ಆಸ್ಟಿಯೊಮಲೇಶಿಯಾ, ಅದರ ಚಿಕಿತ್ಸೆಯೇ ಬೇರೆ.

ಹಾಗಾದರೆ ನಿಜವಾಗಿ ಏನನ್ನು ಅಳೆಸಬೇಕು? ಮೊದಲನೆಯದು ಡೆಕ್ಸಾ ಸ್ಕ್ಯಾನ್. ಸೊಂಟ ಮತ್ತು ಕೆಳಬೆನ್ನಿನ ಮೂಳೆ ಸಾಂದ್ರತೆ ತೋರಿಸುತ್ತದೆ, ಹತ್ತು ಹದಿನೈದು ನಿಮಿಷದ ಕೆಲಸ, ನೋವಿಲ್ಲ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿದ ಗೆರೆಯ ಪ್ರಕಾರ ಟಿ-ಸ್ಕೋರ್ (ನಿಮ್ಮ ಮೂಳೆ ಸಾಂದ್ರತೆಯನ್ನು ಆರೋಗ್ಯವಂತ ಯುವತಿಯರ ಸರಾಸರಿಗೆ ಹೋಲಿಸಿ ಕೊಡುವ ಅಂಕ) ಮೈನಸ್ 2.5 ಅಥವಾ ಅದಕ್ಕಿಂತ ಕೆಳಗಿದ್ದರೆ ಆಸ್ಟಿಯೊಪೊರೋಸಿಸ್. ರಕ್ತದಲ್ಲಿ ಮೂಳೆಯ ಕೆಲಸದ ವೇಗ ತಿಳಿಯಬೇಕಿದ್ದರೆ ಅದಕ್ಕೆ ಗ್ರೋತ್ ಫ್ಯಾಕ್ಟರ್‌ಗಳಿಗಿಂತ ಒಳ್ಳೆಯ ಎರಡು ಪರೀಕ್ಷೆಗಳಿವೆ. ಆಸ್ಟಿಯೊಕ್ಲಾಸ್ಟ್ ಕೊಲಾಜನ್ ತುಂಡು ಮಾಡುತ್ತದೆ ಅಂದೆನಲ್ಲ, ಆ ತುಂಡುಗಳಲ್ಲಿ ಒಂದು ಸಿಟಿಎಕ್ಸ್. ಹೊಸ ಕೊಲಾಜನ್ ಹೆಣೆಯುವಾಗ ಕತ್ತರಿಸಿ ಬೀಳುವ ತುಂಡು ಪಿ1ಎನ್‌ಪಿ. ಮೊದಲನೆಯದು ಕೆರೆತದ ಲೆಕ್ಕ, ಎರಡನೆಯದು ಕಟ್ಟುವಿಕೆಯ ಲೆಕ್ಕ. ಸಿಟಿಎಕ್ಸ್‌ಗೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ರಕ್ತ ಕೊಡಬೇಕು, ಊಟ ಮಾಡಿದ ಮೇಲೆ ಅದು ಇಳಿದುಬಿಡುತ್ತದೆ. ಇವು ಕಾಯಿಲೆ ಇದೆಯಾ ಅಂತ ಹೇಳುವ ಪರೀಕ್ಷೆಗಳಲ್ಲ. ಶುರು ಮಾಡಿದ ಔಷಧ ಕೆಲಸ ಮಾಡುತ್ತಿದೆಯಾ ಅಂತ ಕೆಲವೇ ತಿಂಗಳಲ್ಲಿ ತಿಳಿಯಲು ಉಪಯೋಗ.

ಗ್ರೋತ್ ಫ್ಯಾಕ್ಟರ್ ಮತ್ತು ಸಂಕೇತ ಪ್ರೋಟೀನ್‌ಗಳ ಸಂಶೋಧನೆ ಸುಮ್ನೆ ಹೋಗಲಿಲ್ಲ ಅನ್ನಲು ಔಷಧಗಳೇ ಸಾಕ್ಷಿ. ರಾಂಕ್-ಲೈಗಾಂಡ್ ಅನ್ನು ಹಿಡಿದು ನಿಲ್ಲಿಸುವ ಡೆನೊಸುಮ್ಯಾಬ್ 2010ರಲ್ಲಿ ಬಂತು, ಆರು ತಿಂಗಳಿಗೊಂದು ಇಂಜೆಕ್ಷನ್. ಇದನ್ನು ತೆಗೆದುಕೊಳ್ಳುವವರು ದಯವಿಟ್ಟು ಒಂದು ವಿಷಯ ತಿಳಿದಿರಲಿ: ವೈದ್ಯರಿಗೆ ಹೇಳದೆ ಇದನ್ನು ನಿಲ್ಲಿಸಬಾರದು, ತಡ ಮಾಡಲೂಬಾರದು. ನಿಲ್ಲಿಸಿದ ಮೇಲೆ ತಡೆದಿಟ್ಟ ಕೆರೆತವೆಲ್ಲಾ ಒಟ್ಟಿಗೇ ಶುರುವಾಗುತ್ತದೆ, ಕೆಲವರಿಗೆ ಒಂದರ ಮೇಲೊಂದು ಬೆನ್ನುಮೂಳೆಗಳು ಮುರಿದಿವೆ. ನಿಲ್ಲಿಸಲೇಬೇಕಾದರೆ ಅದರ ಬದಲಿಗೆ ಬೇರೆ ಔಷಧ ಶುರು ಮಾಡಬೇಕು. ಕಟ್ಟುವುದನ್ನು ಹೆಚ್ಚಿಸುವ ಟೆರಿಪಾರಟೈಡ್ 2002ರಿಂದ ಇದೆ, ದಿನಾ ಚುಚ್ಚಿಕೊಳ್ಳಬೇಕು. ಅದು ಪ್ಯಾರಾಥೈರಾಯ್ಡ್ ಹಾರ್ಮೋನಿನ ಒಂದು ತುಂಡು. ಅದರ ಕೆಲಸದ ಒಂದು ಭಾಗ ನಡೆಯುವುದು ಮೂಳೆಯೊಳಗಿನ ಐಜಿಎಫ್-1 ಮೂಲಕವೇ. 2019ರಲ್ಲಿ ಒಪ್ಪಿಗೆ ಪಡೆದ ರೊಮೊಸೊಜುಮ್ಯಾಬ್ ಇನ್ನೊಂದು ದಾರಿ ಹಿಡಿಯಿತು. ಮೂಳೆಯೊಳಗೆ ಹೂತು ಕೂತಿರುವ ಆಸ್ಟಿಯೊಸೈಟ್ ಎಂಬ ಕೋಶಗಳು ಸ್ಕ್ಲೆರೊಸ್ಟಿನ್ ಎಂಬ ಪ್ರೋಟೀನ್ ಬಿಟ್ಟು ಕಟ್ಟುವುದನ್ನು ತಡೆಯುತ್ತವೆ. ಈ ಔಷಧ ಅದನ್ನು ಕಟ್ಟಿಹಾಕುತ್ತದೆ. ತಿಂಗಳಿಗೊಮ್ಮೆ, ಒಟ್ಟು ಒಂದು ವರ್ಷ. ಹಿಂದಿನ ವರ್ಷದೊಳಗೆ ಹೃದಯಾಘಾತ ಅಥವಾ ಪಾರ್ಶ್ವವಾಯು ಆದವರಿಗೆ ಕೊಡುವುದಿಲ್ಲ.

ಔಷಧವಿಲ್ಲದೆ ಐಜಿಎಫ್-1 ಮೇಲೆ ಪ್ರಭಾವ ಬೀರುವುದು ಮುಖ್ಯವಾಗಿ ಪ್ರೋಟೀನ್. ಊಟ ಕಡಿಮೆಯಾದರೆ, ಉಪವಾಸ ಜಾಸ್ತಿಯಾದರೆ, ಲಿವರ್ ಕಾಯಿಲೆ ಇದ್ದರೆ ಐಜಿಎಫ್-1 ಇಳಿಯುತ್ತದೆ. ಸೊಂಟದ ಮೂಳೆ ಮುರಿದ ವಯಸ್ಸಾದವರಿಗೆ ಆರು ತಿಂಗಳು ದಿನಕ್ಕೆ 20 ಗ್ರಾಂ ಪ್ರೋಟೀನ್ ಹೆಚ್ಚುವರಿಯಾಗಿ ಕೊಟ್ಟು ನೋಡಿದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಅವರ ಐಜಿಎಫ್-1 ಏರಿತು, ತೊಡೆಯ ಮೂಳೆಯ ಸವಕಳಿಯೂ ಕಡಿಮೆಯಾಯಿತು. ವಯಸ್ಸಾದ ಮೇಲೆ ಹಸಿವು ತಗ್ಗಿ ಊಟ ಚಿಕ್ಕದಾಗುತ್ತದೆ, ಕ್ಯಾಲ್ಸಿಯಂ ಮಾತ್ರೆ ತಪ್ಪದೆ ನುಂಗುವವರೂ ಪ್ರೋಟೀನ್ ಬಗ್ಗೆ ಯೋಚಿಸುವುದಿಲ್ಲ. ಇದು ನನಗೆ ತುಂಬಾ ಬೇಸರ ತರುವ ಸಂಗತಿ. ಕಿಡ್ನಿ ತೊಂದರೆ ಇರುವವರು ಮಾತ್ರ ವೈದ್ಯರನ್ನು ಕೇಳಿ ಹೆಚ್ಚಿಸಿ. ಜೊತೆಗೆ ಮೈಭಾರ ಹೊತ್ತು ಮಾಡುವ ವ್ಯಾಯಾಮ ಬೇಕು. ಮೂಳೆಯ ಮೇಲೆ ಭಾರ ಬಿದ್ದಾಗ ಆಸ್ಟಿಯೊಸೈಟ್‌ಗಳು ಸ್ಕ್ಲೆರೊಸ್ಟಿನ್ ಬಿಡುವುದನ್ನು ತಗ್ಗಿಸುತ್ತವೆ, ಕಟ್ಟುವ ಕೆಲಸಕ್ಕೆ ದಾರಿ ಬಿಡುತ್ತವೆ.

ನಿಮ್ಮದೇ ರಕ್ತದ ಗ್ರೋತ್ ಫ್ಯಾಕ್ಟರ್‌ಗಳಿಂದ ಮೂಳೆ ಗಟ್ಟಿ ಮಾಡುತ್ತೇವೆ ಅಂತ ಪಿಆರ್‌ಪಿ (ಪ್ಲೇಟ್‌ಲೆಟ್ ಹೆಚ್ಚಿರುವ ಪ್ಲಾಸ್ಮಾ) ಇಂಜೆಕ್ಷನ್ ಹೆಸರಲ್ಲಿ ಯಾರಾದರೂ ಹೇಳಿದರೆ, ಅದು ಆಸ್ಟಿಯೊಪೊರೋಸಿಸ್ ಮುರಿತ ತಪ್ಪಿಸುತ್ತದೆ ಅನ್ನಲು ಪುರಾವೆ ಎಲ್ಲಿದೆ ಅಂತ ಕೇಳಿ. ಪ್ಲೇಟ್‌ಲೆಟ್‌ಗಳಲ್ಲಿ ಇವು ಇರುವುದು ನಿಜ. ಆದರೆ ಒಂದು ಜಾಗಕ್ಕೆ ಚುಚ್ಚಿದ್ದು ಇಡೀ ಅಸ್ಥಿಪಂಜರದಲ್ಲಿ ಕೆರೆತ ಮತ್ತು ಕಟ್ಟುವಿಕೆಯ ಲೆಕ್ಕ ಸರಿಪಡಿಸುವುದಿಲ್ಲ.

ಮುಟ್ಟು ನಿಂತವರು ನಿಂತ ಎತ್ತರದಿಂದ ಬಿದ್ದು, ಅಥವಾ ಅದಕ್ಕಿಂತ ಸಣ್ಣ ಪೆಟ್ಟಿಗೇ, ಸೊಂಟ ಇಲ್ಲವೇ ಬೆನ್ನುಮೂಳೆ ಮುರಿದುಕೊಂಡಿದ್ದರೆ ಟಿ-ಸ್ಕೋರ್ ಎಷ್ಟೇ ಇರಲಿ ಅದನ್ನು ಆಸ್ಟಿಯೊಪೊರೋಸಿಸ್ ಅಂತಲೇ ತಿಳಿದು ಚಿಕಿತ್ಸೆ ಕೊಡುತ್ತಾರೆ. ಪ್ಲಾಸ್ಟರ್ ಹಾಕಿಸಿಕೊಂಡು, ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರಲ್ಲಿ ಎಷ್ಟೋ ಜನರಿಗೆ ಈ ಎರಡನೇ ಭಾಗದ ಚಿಕಿತ್ಸೆ ಶುರುವೇ ಆಗಿರುವುದಿಲ್ಲ. ವಯಸ್ಸಿನಲ್ಲಿದ್ದಾಗಿನ ಎತ್ತರಕ್ಕಿಂತ ನಾಲ್ಕು ಸೆಂಟಿಮೀಟರ್ ಅಥವಾ ಹೆಚ್ಚು ಕುಗ್ಗಿದ್ದರೆ ನೋವಿಲ್ಲದಿದ್ದರೂ ಬೆನ್ನಿನ ಎಕ್ಸ್‌ರೇ ತೆಗೆಸಿ. ಬೆನ್ನುಮೂಳೆಯ ಮುರಿತಗಳಲ್ಲಿ ಬಹಳಷ್ಟು ಯಾರಿಗೂ ಗೊತ್ತಾಗದೆ ಆಗಿಹೋಗಿರುತ್ತವೆ, ಒಂದು ಮುರಿದವರಿಗೆ ಮುಂದಿನ ಒಂದೆರಡು ವರ್ಷದಲ್ಲೇ ಇನ್ನೊಂದು ಮುರಿಯುವ ಅಪಾಯ ಎಲ್ಲಕ್ಕಿಂತ ಜಾಸ್ತಿ ಇರುತ್ತದೆ.